ಗೊತ್ತಿಲ್ಲ ಎನ್ನದ ಆಪರೇಟರ್

ನಮ್ಮೂರಿನವರು ಮೊಬೈಲಿನಲ್ಲಿ ಹರಟುವ ಕಡೂರು ಕಟ್ಟೆಯ ಉಸ್ತುವಾರಿಯನ್ನು ನಾನು ಬಿಡುತ್ತಿದ್ದೇನೆ. ಹೊಸಬರು ಬರುತ್ತಿದ್ದಾರೆ. ಅವರಿಗೆ ಈ ಕೆಲಸ ಹೇಗಿರುತ್ತದೆ ಎಂದು ನಾಲ್ಕು ಮಾತು ಬರೆದುಕೊಡಿ ಎಂದು ಶೈಲಜಾ ಮೇಡಂ ಕೇಳಿದರು. ಕಂಪ್ಯೂಟರಿನ ವಿಷಯ ಅವರೇ ಹೇಳಿಕೊಡುತ್ತಾರೆ. ನನ್ನದು ಎಸ್ಸೆಸ್ಸೆಲ್ಸಿ ಓದು. ನಾನು ಹೇಳಬೇಕಾದದ್ದು ಬೇರೆ. ನಾನು ಆಡಿದ ಒಂದು ಮಾತಿನಿಂದ ಒಬ್ಬ ಹೆಣ್ಣುಮಗಳು ತಾನು ಕಂಡುಕೊಂಡಿದ್ದ ನೆಲೆಯನ್ನು ಬಿಟ್ಟು ಹೋಗಬೇಕಾಯಿತು. ಆ ಮಾತು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಹೇಗೆ ಬಂತು ಎಂದು ತಿಳಿಯಬೇಕಾದರೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಶುರು ಮಾಡಬೇಕು.

ನಾನು ಕೆಲಸಕ್ಕೆ ಸೇರಿದ್ದು ಬೀರೂರಿನಲ್ಲಿ, ಆಪರೇಟರ್ ಆಗಿ. ಆಗ ಫೋನು ತಾನಾಗಿ ಹೋಗುತ್ತಿರಲಿಲ್ಲ. ಮನೆಯವರು ರಿಸೀವರ್ ಎತ್ತಿ ಹಿಡಿಕೆ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತಿತ್ತು. ಯಾರು ಬೇಕು ಎಂದು ಕೇಳಿ, ಇವರ ತೂತಿನಿಂದ ಅವರ ತೂತಿಗೆ ವೈರು ಚುಚ್ಚಬೇಕು. ನಮ್ಮ ಸೂಪರ್‌ವೈಸರ್ ರಂಗನಾಥಯ್ಯನವರು ಮೊದಲ ದಿನ ನನ್ನನ್ನು ಬೋರ್ಡಿನ ಮುಂದೆ ಕೂರಿಸಿ, ತಾವು ಹಿಂದೆ ನಿಂತು ಹೇಳಿದರು:

“ನೋಡಯ್ಯಾ ತಿಮ್ಮಪ್ಪ, ಎರಡೇ ಮಾತು. ಲೈನು ಕೊಟ್ಟ ಮೇಲೆ ಕಿವಿ ತೆಗೀಬೇಕು. ಇನ್ನೊಂದು, ಯಾರೇ ಏನೇ ಕೇಳ್ಲಿ, ‘ಗೊತ್ತಿಲ್ಲ’ ಅಂತ ಮಾತ್ರ ಅನ್ಬಾರ್ದು. ಗೊತ್ತಿಲ್ಲ ಅನ್ನೋಕೆ ನೀನ್ಯಾಕೆ, ಕಂಬ ಸಾಕು.”

ಆ ಎರಡು ಮಾತನ್ನೂ ನಾನು ನೌಕರಿ ಮುಗಿಯುವವರೆಗೆ ಪಾಲಿಸಿದೆ. ಒಬ್ಬರ ಮಾತನ್ನೂ ಕದ್ದು ಕೇಳಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಅಜ್ಜಂಪುರಕ್ಕೆ ವರ್ಗವಾದ ಮೇಲೆ ಎರಡನೆಯ ಮಾತಿನ ರುಚಿ ಹತ್ತಿತು. ಅದು ಚಿಕ್ಕ ಎಕ್ಸ್‌ಚೇಂಜು. ಯಾರೂ ನಂಬರು ಹೇಳುತ್ತಿರಲಿಲ್ಲ. “ಡಾಕ್ಟ್ರಿಗೆ ಕೊಡಪ್ಪಾ” ಎನ್ನುವರು. ಡಾಕ್ಟರು ಮನೆಯಲ್ಲಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ಸ್ವಲ್ಪ ಮುಂಚೆ ಮಂಡಿಯವರ ಮನೆಯಿಂದ ಡಾಕ್ಟರೇ ಆಸ್ಪತ್ರೆಗೆ ಫೋನು ಮಾಡಿದ್ದರು. “ಡಾಕ್ಟ್ರು ಮಂಡಿಯೋರ ಮನೇಲವ್ರೆ, ಅಲ್ಲಿಗೇ ಕೊಡ್ತೀನಿ ಇರಿ” ಎಂದು ಲೈನು ತಿರುಗಿಸುತ್ತಿದ್ದೆ. ಬುಕ್ಕಾಂಬುಧಿ ಕಡೆಯಿಂದ ಒಮ್ಮೆ ಹೆರಿಗೆಯ ಕಷ್ಟದಲ್ಲಿ ಕರೆ ಬಂದಾಗ ಹೀಗೆಯೇ ಡಾಕ್ಟರನ್ನು ಹುಡುಕಿಕೊಟ್ಟೆ. ತಾಯಿ ಮಗು ಇಬ್ಬರೂ ಉಳಿದರು. ಆ ಮನೆಯವರು ವರ್ಷಗಟ್ಟಲೆ ನನಗೆ ಈರುಳ್ಳಿ ಮೂಟೆ ತಂದು ಹಾಕಿದರು. ಗಂಡಂದಿರನ್ನು ಹುಡುಕುವ ಹೆಂಗಸರಿಗೂ ನಾನೇ ದಿಕ್ಕು.

“ಏನಪ್ಪಾ, ನಮ್ಮನೆಯೋರು ಎಲ್ಲವ್ರೆ?”

“ಕ್ಲಬ್ಬಿಂದ ಈಗ್ತಾನೆ ಫೋನ್ ಮಾಡಿದ್ರು ಕಣಮ್ಮಾ, ಅಂಗಡಿಗೆ.”

“ಕ್ಲಬ್ಬಾ? ನಂಗೆ ದೇವಸ್ಥಾನ ಅಂದಿದ್ರು. ಬರ್ಲಿ ಮನೇಗೆ.”

ಸಂಜೆ ಆ ಯಜಮಾನರು ಎಕ್ಸ್‌ಚೇಂಜಿನ ಬಾಗಿಲಿಗೇ ಬಂದರು. “ಲೇ ತಿಮ್ಮ, ನೀನು ಆಪರೇಟರೋ ಇಲ್ಲಾ ನನ್ನ ಅತ್ತೆಯೋ?” ಎಂದು ಬೈದರು. ಎಲ್ಲರೂ ನಕ್ಕೆವು. ಅವರೂ ನಕ್ಕರು. ನಾನು ಅವರ ಮಾತನ್ನೇನೂ ಕೇಳಿರಲಿಲ್ಲವಲ್ಲ.

ಇನ್ನೊಂದು ಪ್ರಸಂಗಕ್ಕೆ ಯಾರೂ ನಗಲಿಲ್ಲ. ಕೊಬ್ಬರಿ ವ್ಯಾಪಾರದ ಇಬ್ಬರು ಸಾಹುಕಾರರಿದ್ದರು. ಒಬ್ಬರಿಗೆ ಇನ್ನೊಬ್ಬರ ಲೈನು ಬೇಕಾಗಿತ್ತು. “ಎಂಗೇಜು ಸ್ವಾಮಿ, ತಿಪಟೂರಿಗೆ ಟ್ರಂಕ್ ಕಾಲ್‌ನಲ್ಲವ್ರೆ, ಬೆಳಗ್ಗಿಂದ ಮೂರ್ನೇದು” ಎಂದೆ, ಕಾಯಲಿ ಎಂಬ ಸೌಜನ್ಯಕ್ಕೆ. ಕೇಳಿದವರು ಫೋನಿಟ್ಟು ಗಾಡಿ ಕಟ್ಟಿಸಿ, ಸುತ್ತಲ ಹಳ್ಳಿಗಳಲ್ಲಿದ್ದ ಕೊಬ್ಬರಿಯನ್ನೆಲ್ಲ ಮಧ್ಯಾಹ್ನದೊಳಗೆ ಮಾತಾಡಿಕೊಂಡು ಬಂದರು. ತಿಪಟೂರಿನಲ್ಲಿ ಧಾರಣೆ ಏರುತ್ತಿದೆ ಎಂದು ಅವರಿಗೆ ತಿಳಿಯಲು ನನ್ನ ಅಷ್ಟು ಮಾತು ಸಾಕಾಗಿತ್ತು. ಇನ್ನೊಬ್ಬ ಸಾಹುಕಾರರು ಆಮೇಲೆ ನನ್ನನ್ನು ಕರೆದು, “ನನ್ನ ಮಾತು ಕದ್ದು ಕೇಳ್ದೇನಯ್ಯಾ?” ಎಂದರು. ಇಲ್ಲ ಎಂದು ತಾಯಾಣೆ ಮಾಡಿದೆ. ಅದು ನಿಜವೇ. ಆದರೆ ಅವರು ನಂಬಲಿಲ್ಲ. ನಂಬದೆ ಇದ್ದದ್ದು ಅವರ ತಪ್ಪು ಎಂದು ಬಹಳ ಕಾಲ ತಿಳಿದಿದ್ದೆ.

ಆಮೇಲೆ ಯಂತ್ರಗಳು ಬಂದವು. ಕಡೂರಿನಲ್ಲಿ ಡಯಲ್ ಮಾಡಿದರೆ ತಾನೇ ಹೋಗುವ ಎಕ್ಸ್‌ಚೇಂಜಾಯಿತು. ಯಾರು ಯಾರಿಗೆ, ಎಷ್ಟು ಹೊತ್ತು ಎನ್ನುವುದನ್ನು ಯಂತ್ರವೇ ಬರೆದುಕೊಳ್ಳುತ್ತಿತ್ತು. ನಮ್ಮನ್ನು ಕೇಳುವವರಿಲ್ಲದಂತಾಯಿತು. ನನ್ನನ್ನು ಕೇಬಲ್ ರಿಪೇರಿಗೆ ಹಾಕಿದರು. ಗುಂಡಿ ತೋಡಿಸಿ, ನೀರು ಇಳಿದ ಕೇಬಲ್ಲನ್ನು ಬಿಡಿಸಿ ಒಣಗಿಸಿ ಜೋಡಿಸುವುದು. ಆಗ ಗುಂಡಿ ತೋಡಲು ಬರುತ್ತಿದ್ದವನು ಸಖರಾಯಪಟ್ಟಣದ ಮರುಳಪ್ಪ. ಮುಂದೆ ಬರುವುದು ಇವನ ಮಗಳ ಕಥೆ. ಒಂದೇ ಬುತ್ತಿಯಲ್ಲಿ ಉಂಡವರು ನಾವು. ಅವನ ಮಗಳು ಗಿರಿಜೆ ನನ್ನನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಅವಳ ಮದುವೆಯಲ್ಲಿ ಬಡಿಸಲು ನಿಂತಿದ್ದೆ. ಗಂಡಿನ ಮನೆ ಬುಕ್ಕಾಂಬುಧಿ.

ನಿವೃತ್ತಿಯ ಬಳಿಕ ಕೆಲವು ವರ್ಷ ಸುಮ್ಮನಿದ್ದೆ. ಆಮೇಲೆ ಕಂಪ್ಯೂಟರ್ ಪಾಠ ಹೇಳುವ ಶೈಲಜಾ ಮೇಡಂ ಮನೆಗೆ ಬಂದರು. ಎಲ್ಲರೂ ಮೊಬೈಲಿನಲ್ಲಿ ಫೋಟೋ ಹಾಕಿ ಹರಟುವ ದೊಡ್ಡ ಕಂಪನಿಯ ತಾಣಗಳಿವೆಯಲ್ಲ, ಅಂಥದ್ದನ್ನು ನಮ್ಮೂರಿನವರೇ ಚಿಕ್ಕದಾಗಿ ನಡೆಸಬಹುದು ಎಂದರು. ಕಡೂರಿಗೊಂದು, ತರೀಕೆರೆಗೊಂದು, ಅಜ್ಜಂಪುರಕ್ಕೊಂದು. ಹೆಸರು ಕಟ್ಟೆ. ಒಂದು ಕಟ್ಟೆಯವರು ಇನ್ನೊಂದು ಕಟ್ಟೆಯವರ ಜೊತೆಗೂ ಮಾತಾಡಬಹುದು.

“ದೊಡ್ಡ ಕಂಪನೀಲಿ ಎಲ್ಲರ ವಿಷಯಾನೂ ಒಂದೇ ಕಡೆ ಇರುತ್ತೆ ಸರ್. ನೀವು ಯಾರ ಜೊತೆ ಮಾತಾಡಿದ್ರಿ, ಎಷ್ಟೊತ್ತಿಗೆ, ಎಲ್ಲಿಂದ, ಎಲ್ಲಾನೂ. ಅದನ್ನ ಇಟ್ಕೊಂಡು ಜಾಹೀರಾತು ಮಾರ್ತಾರೆ. ನಮ್ಮದರಲ್ಲಿ ಆ ಕಾಟ ಇಲ್ಲ.”

“ಅಂದ್ರೆ ಅವ್ರದ್ದು ದೊಡ್ಡ ಎಕ್ಸ್‌ಚೇಂಜು, ನಮ್ದು ಅಜ್ಜಂಪುರದ್ದು” ಎಂದೆ.

“ಹಾಂ, ಹಂಗೇ ಅಂದ್ಕೊಳ್ಳಿ.”

“ಇಲ್ಲಿಂದ ತರೀಕೆರೆಗೆ ಹೋದ ಮಾತಿನ ನಕಲು ಅಲ್ಲೂ ಉಳಿಯುತ್ತಾ?”

“ಉಳಿಯುತ್ತೆ.”

“ಇಲ್ಲಿ ಅಳಿಸಿದ್ರೆ?”

“ಅಲ್ಲೂ ಅಳಿಸಿ ಅಂತ ನಮ್ಮ ಕಂಪ್ಯೂಟರ್ ಕೇಳ್ಕೊಳ್ಳುತ್ತೆ. ಸಾಮಾನ್ಯವಾಗಿ ಅಳಿಸ್ತಾರೆ.”

ನನಗೆ ನಗು ಬಂತು. ಟ್ರಂಕ್ ಕಾಲ್‌ಗೂ ಹೀಗೆಯೇ ಇತ್ತು. ದಾರಿಯಲ್ಲಿ ಎಷ್ಟು ಎಕ್ಸ್‌ಚೇಂಜು ಸಿಗುತ್ತವೋ ಅಷ್ಟು ಆಪರೇಟರಿಗೆ ವಿಷಯ ಗೊತ್ತು. ಹಳೆಯ ಬೋರ್ಡೇ ತಿರುಗಿ ಬಂದ ಹಾಗಾಗಿ ಖುಷಿಯಿಂದ ಒಪ್ಪಿಕೊಂಡೆ. ಹೊಸಬರನ್ನು ಸೇರಿಸಿಕೊಳ್ಳುವುದು, ಹೊಲಸು ಮಾತು ತೆಗೆಯುವುದು, ಜಗಳ ಬಿಡಿಸುವುದು ನನ್ನ ಕೆಲಸ. ಇಬ್ಬರೇ ಆಡಿಕೊಂಡ ಮಾತು ಬೇಕೆಂದರೆ ಉಸ್ತುವಾರಿಯವನಿಗೆ ಓದಲು ಸಿಗುತ್ತದೆ ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ನಾನು ಅದರ ಕಡೆ ತಲೆ ಹಾಕಲಿಲ್ಲ. ಕಿವಿ ತೆಗೆದು ಕೂತು ಅಭ್ಯಾಸವಾದವನು ನಾನು.

ಆದರೆ ಬೋರ್ಡು ಕಾಣುತ್ತಿತ್ತು. ಯಾರು ಎಷ್ಟೊತ್ತಿಗೆ ಬಂದರು, ಯಾರು ಯಾರ ಬರಹವನ್ನು ಹಿಂಬಾಲಿಸುತ್ತಿದ್ದಾರೆ, ಯಾವ ಕಟ್ಟೆಯಿಂದ ಯಾರಿಗೆ ಉತ್ತರ ಬರುತ್ತದೆ. ನನಗೆ ಆ ನೋಟ ಹೊಸದಲ್ಲ. ಬೀಳುವ ಮುಚ್ಚಳ ನೋಡಿಯೇ ಊರಿನ ನಾಡಿ ಹೇಳುತ್ತಿದ್ದವನು. ಇಂಥವರು ದನ ಕಟ್ಟಿ ಬಂದು ಕೂರುತ್ತಾರೆ, ಇಂಥವರು ಬೀರೂರಿನ ರೈಲಿನಲ್ಲಿ ಕೂತು ಬರೆಯುತ್ತಾರೆ ಎಂದು ತಾನಾಗಿ ತಿಳಿಯುತ್ತಿತ್ತು. ಗಿರಿಜೆಯೂ ಕಡೂರು ಕಟ್ಟೆಯಲ್ಲಿದ್ದಳು. ನಸುಕಿನಲ್ಲಿ, ಹಾಲು ಕರೆಯುವ ಮುಂಚೆ ಬರುತ್ತಿದ್ದಳು. ಅವಳ ಜೊತೆ ಓದಿದ ನಾಲ್ಕೈದು ಗೆಳತಿಯರು, ಒಂದು ಕಸೂತಿ ಗುಂಪು, ಅಷ್ಟೇ ಅವಳ ಬಳಗ.

ಹೋದ ವರ್ಷ ಬೇಸಿಗೆಯಲ್ಲಿ ಗಿರಿಜೆ ಗಂಡನ ಮನೆಯಿಂದ ಕಾಣೆಯಾದಳು. ಗಂಡ ಹೊಡೆಯುತ್ತಿದ್ದ ಎಂದು ನಮಗೆಲ್ಲ ಗೊತ್ತಿತ್ತು; ಹೊಂದಿಕೊಂಡು ಹೋಗಲಿ ಎಂದು ಹೇಳಿದವರಲ್ಲಿ ನಾನೂ ಒಬ್ಬ. ತವರಿಗೂ ಬರಲಿಲ್ಲ. ಫೋನು ಆಫ್. ಕಟ್ಟೆಯಲ್ಲಿ ಅವಳ ಹೆಸರು ಅಂದಿನಿಂದ ಸುಮ್ಮನಾಯಿತು.

ಸ್ವಲ್ಪ ದಿನಕ್ಕೆ ತರೀಕೆರೆ ಕಟ್ಟೆಯಿಂದ ಹೊಸದೊಂದು ಹೆಸರು ಕಾಣಿಸಿಕೊಂಡಿತು, ‘ದಾರದುಂಡೆ’ ಎಂದು. ಫೋಟೋ ಇಲ್ಲ, ಊರಿಲ್ಲ. ಆದರೆ ಅದು ಹುಡುಕಿಕೊಂಡು ಬಂದದ್ದು ಕಡೂರು ಕಟ್ಟೆಯ ಅದೇ ನಾಲ್ಕೈದು ಗೆಳತಿಯರನ್ನು, ಅದೇ ಕಸೂತಿ ಗುಂಪನ್ನು. ಬರುತ್ತಿದ್ದುದೂ ನಸುಕಿನಲ್ಲೇ. ಅವರು ಏನು ಮಾತಾಡಿಕೊಂಡರು ಎಂದು ನಾನು ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಇದು ಗಿರಿಜೆ ಎಂದು ನನಗೆ ಖಚಿತವಾಯಿತು. ಹೇಗೆ ಕಂಡುಹಿಡಿದೆ ನೋಡು ಎಂದು ಒಳಗೊಳಗೇ ಬೀಗಿದೆ ಕೂಡ. ಹುಡುಗಿ ಬದುಕಿದ್ದಾಳಲ್ಲ ಎಂದು ಸಮಾಧಾನವೂ ಆಯಿತು.

ಮರುಳಪ್ಪ ಬಂದದ್ದು ಒಂದು ಮಧ್ಯಾಹ್ನ. ಬಸ್ಸಿಳಿದು ನೇರ ನಮ್ಮನೆಗೆ ಬಂದಿದ್ದ. ಮುಖ ನೋಡಲಾಗುತ್ತಿರಲಿಲ್ಲ.

“ತಿಮ್ಮಣ್ಣ, ಅವ್ಳು ಎಲ್ಲವಳೆ ಅಂತ ನಾನು ಕೇಳಾಕಿಲ್ಲ. ಜೀವದಿಂದ ಅವಳಾ, ಅಷ್ಟು ಹೇಳು. ಅವ್ಳವ್ವ ಕೆರೆ ಕಡೆ ಯಾರಾದ್ರೂ ಓಡುದ್ರೆ ಎದ್ದು ನಿಂತ್ಕತಾಳೆ ಕಣೋ. ನಿನ್ ಕಟ್ಟೇಲಿ ಏನಾರ ಗೊತ್ತಾಯ್ತದಾ?”

ಗೊತ್ತಿಲ್ಲ ಎನ್ನಬಹುದಾಗಿತ್ತು. ನನ್ನ ಬಾಯಿಗೆ ಆ ಮಾತು ಅಭ್ಯಾಸವಿಲ್ಲ. ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಿ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ.

“ಅಳ್ಬೇಡ ಕಣೋ. ಚೆನ್ನಾಗವಳೆ. ಇವತ್ತು ಬೆಳಿಗ್ಗೆನೂ ಬಂದಿದ್ಲು. ಈಗ ತರೀಕೆರೆ ಕಟ್ಟೇಲವಳೆ.”

ಅವನು ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. ಕಾಫಿ ಕುಡಿದು, ನಗುತ್ತ ಬಸ್ಸು ಹತ್ತಿದ. ಆ ಸಂಜೆ ನನಗೆ ಅಜ್ಜಂಪುರದ ಡಾಕ್ಟರು, ಬದುಕುಳಿದ ಆ ತಾಯಿ ಮಗು ನೆನಪಾದರು.

ನನ್ನ ತಲೆಯಲ್ಲಿ ‘ತರೀಕೆರೆ’ ಎಂದರೆ ಎಕ್ಸ್‌ಚೇಂಜಿನ ಹೆಸರು. ತರೀಕೆರೆಯ ನಂಬರು ಎಂದರೆ ಆ ಊರಿನ ನೂರಾರು ಮನೆಗಳಲ್ಲಿ ಯಾವುದಾದರೂ ಒಂದು. ಅದರಿಂದ ಯಾರೂ ಯಾರನ್ನೂ ಹುಡುಕಲಾರರು. ಆದರೆ ತರೀಕೆರೆ ಕಟ್ಟೆಯನ್ನು ನಡೆಸುತ್ತಿದ್ದುದು ಹೆಂಗಸರ ಒಂದು ಹೊಲಿಗೆ ಕೇಂದ್ರ. ಅಲ್ಲಿ ಕಲಿಯುವವರು, ಕಲಿಸುವವರು ಬಿಟ್ಟರೆ ಆ ಕಟ್ಟೆಯಲ್ಲಿ ಬೇರೆ ಜನವೇ ಇರಲಿಲ್ಲ. ಈ ವಿಷಯ ನನಗೆ ತಿಳಿದೂ ಇತ್ತು. ಹೊಲಿಗೆ ಕೇಂದ್ರದ ಉದ್ಘಾಟನೆಗೆ ಹೋಗಿ ಕೇಸರಿಭಾತ್ ತಿಂದು ಬಂದಿದ್ದೆ. ಆದರೂ ಕಟ್ಟೆಯ ಹೆಸರು ಹೇಳಿದರೆ ಮನೆಯ ಬಾಗಿಲು ತೋರಿಸಿದ ಹಾಗೆ ಎಂದು ಆ ಕ್ಷಣ ಹೊಳೆಯಲಿಲ್ಲ. ಗಿರಿಜೆ ದೊಡ್ಡ ಕಂಪನಿಯ ತಾಣದಲ್ಲಿ ಹೆಸರು ಬದಲಿಸಿಕೊಂಡು ಇದ್ದಿದ್ದರೆ ಕೋಟಿ ಜನರಲ್ಲಿ ಒಬ್ಬಳಾಗಿರುತ್ತಿದ್ದಳು. ಅಲ್ಲಿ ಕೂತವನಿಗೆ ಅವಳ ವಿಷಯ ನನಗಿಂತ ಹೆಚ್ಚು ಗೊತ್ತಿರುತ್ತಿತ್ತು. ಆದರೆ ಅವನಿಗೆ ಮರುಳಪ್ಪ ಗೊತ್ತಿರುತ್ತಿರಲಿಲ್ಲ.

ಮರುಳಪ್ಪ ಹೆಂಡತಿಗೆ ಹೇಳಿದ. ಆಕೆ ನೆಮ್ಮದಿಗೆ ತನ್ನ ತಮ್ಮನಿಗೆ ಹೇಳಿದಳು. ಆ ತಮ್ಮ, ಸಂಸಾರ ಸರಿಹೋಗಲಿ ಎಂಬ ಮನಸ್ಸಿನಿಂದ ಅಳಿಯನಿಗೆ, ಅಂದರೆ ಗಿರಿಜೆಯ ಗಂಡನಿಗೆ ಹೇಳಿದ. ಅಳಿಯ ಮೊಬೈಲಿನಲ್ಲಿ ತರೀಕೆರೆ ಕಟ್ಟೆ ಎಂದು ಹುಡುಕಿದ. ಮೊದಲ ಪುಟದಲ್ಲೇ ಹೊಲಿಗೆ ಕೇಂದ್ರದ ಫೋಟೋ, ಬೋರ್ಡು, ಬೀದಿ.

ಅವನು ಗೇಟಿನ ಮುಂದೆ ನಿಂತು ಬಾಯಿಗೆ ಬಂದದ್ದು ಅಂದ. ಮಾರನೆಯ ದಿನ ಇನ್ನಿಬ್ಬರನ್ನು ಕರೆತಂದು ಗಿರಿಜೆಯ ಕೈ ಹಿಡಿದು ಎಳೆದಾಡಿದ. ಒಳಗಿದ್ದ ಹೆಂಗಸರು ಕತ್ತರಿ, ಗಜಕಡ್ಡಿ ಹಿಡಿದು ಹೊರಗೆ ಬಂದರು. ಅವನು ಹೋದ. ಆದರೆ ಕೇಂದ್ರದಲ್ಲಿ ಬೇರೆ ಹುಡುಗಿಯರೂ ಇದ್ದರು, ಅವರ ಮನೆಯವರು ಹೆದರಿದರು. ಗಿರಿಜೆ ಅಲ್ಲಿ ಇರುವುದು ಬೇಡ ಎಂದಾಯಿತು. ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸದಲ್ಲಿ ಅವಳನ್ನು ಮುಖ್ಯಸ್ಥೆಯನ್ನಾಗಿ ಮಾಡಿದ್ದರಂತೆ. ಅದೂ ಹೋಯಿತು.

ಇದೆಲ್ಲ ನನಗೆ ತಿಳಿದದ್ದು ಗಿರಿಜೆಯ ಬಾಯಿಂದಲೇ. ಊರು ಬಿಡುವ ದಿನ ಅವಳು ಶೈಲಜಾ ಮೇಡಂ ಮನೆಗೆ ಬಂದಿದ್ದಳು, ಎರಡೂ ಕಟ್ಟೆಯಲ್ಲಿ ತನ್ನ ಹೆಸರು ಅಳಿಸಿ ಹಾಕಿಸಲು. ಮೇಡಂ ನನಗೆ ಹೇಳಿ ಕಳಿಸಿದರು. ಅವಳ ಮುಂಗೈಯಲ್ಲಿ ಬಳೆ ಒಡೆದು ಗೀರಿದ ಗಾಯ ಇನ್ನೂ ಕೆಂಪಗಿತ್ತು.

“ಯಾರೋ ಮಾತು ಓದಿ ಹೇಳವ್ರೆ ದೊಡ್ಡಪ್ಪ. ನಾನು ಎಲ್ಲೂ ಊರು ಬರ್ದಿರ್ಲಿಲ್ಲ. ಯಾರು ಅಂತ ಗೊತ್ತಾದ್ರೆ ಸಾಕಿತ್ತು.”

ಸುಮ್ಮನಿದ್ದಿದ್ದರೆ ನಡೆಯುತ್ತಿತ್ತು. ಮರುಳಪ್ಪ ನನ್ನ ಹೆಸರು ಹೇಳಿರಲಿಲ್ಲ.

“ಓದಿಲ್ಲ ಕಣಮ್ಮ. ಹೇಳಿದ್ದು ನಾನು” ಎಂದೆ. ಹೇಗೆ ಗುರುತು ಹಿಡಿದೆ ಎನ್ನುವುದನ್ನೂ ಹೇಳಿದೆ: ಗೆಳತಿಯರು, ಗುಂಪು, ನಸುಕು.

ಅವಳು ಮುಂಗೈಯ ಗಾಯವನ್ನು ಸೆರಗಿನಿಂದ ಮುಚ್ಚಿಕೊಂಡಳು. ಅಳಲಿಲ್ಲ, ಬೈಯಲಿಲ್ಲ.

“ನೀವು ಕೆಟ್ಟೋರಲ್ಲ ಅಂತ ನಂಗೊತ್ತು. ಕೆಟ್ಟೋರಾಗಿದ್ರೆ ನಾನು ಹುಷಾರಾಗಿರ್ತಿದ್ದೆ. ಎದ್ದೇಳೋ ಹೊತ್ತೂ ಬದ್ಲಾಯಿಸ್ಕಬೇಕು ಅಂತ ಯಾರಿಗೆ ಹೊಳೀತದೆ ದೊಡ್ಡಪ್ಪ?”

ಅವಳು ಹೋದ ಮೇಲೆ ನಾನು ಮೇಡಂಗೆ ರಾಜೀನಾಮೆಯ ಮಾತಾಡಿದೆ. ಅವರಿಗೆ ಸಿಟ್ಟು ಬಂತು.

“ಈಗ ಬಿಟ್ಟು ಓಡ್ತೀರಾ? ಮೊದಲು ಈ ಬೋರ್ಡಿಗೆ ಬಟ್ಟೆ ಮುಚ್ಚೋಣ ಬನ್ನಿ. ನೀವೇ ಹೇಳಿ, ಏನೇನು ನೋಡಿ ಗುರುತು ಹಿಡಿದ್ರಿ ಅಂತ. ನಂಗೆ ಅದು ಪುಸ್ತಕದಲ್ಲಿ ಸಿಗಲ್ಲ.”

ಇಬ್ಬರೂ ಕೂತು ಒಂದೊಂದಾಗಿ ತೆಗೆದೆವು. ಯಾರು ಎಷ್ಟೊತ್ತಿಗೆ ಬಂದರು ಎನ್ನುವುದು ಈಗ ಉಸ್ತುವಾರಿಗೂ ಕಾಣುವುದಿಲ್ಲ. ಎಲ್ಲಿಂದ ಬಂದರು ಎನ್ನುವ ಗುರುತನ್ನು ಯಂತ್ರ ಸ್ವಲ್ಪ ದಿನ ಇಟ್ಟುಕೊಂಡು ತಾನೇ ಅಳಿಸುತ್ತದೆ. ಕಟ್ಟೆಗಳ ಮೊದಲ ಪುಟದಿಂದ ಕಟ್ಟಡದ ಫೋಟೋ, ಬೀದಿ ತೆಗೆಸಿದೆವು. ಮೂರೂ ಊರಿನ ಕಟ್ಟೆಗಳನ್ನು ಒಂದೇ ಹೆಸರಿನಡಿ ತಂದೆವು. ಹೆಸರು ನೋಡಿದರೆ ಈಗ ಯಾರು ಯಾವ ಊರಿನವರೆಂದು ತಿಳಿಯದು. ನನಗೊಂದು ಅನುಮಾನವೂ ಬಂತು. ಹೀಗೆ ಒಂದುಗೂಡಿಸುತ್ತ ಹೋದರೆ ನಾವೂ ಆ ದೊಡ್ಡ ಕಂಪನಿಯ ಹಾಗೇ ಆಗುವುದಿಲ್ಲವೇ ಎಂದು ಕೇಳಿದೆ. “ಆಗಬಹುದು, ಅದನ್ನೂ ನೋಡ್ತಿರಬೇಕು” ಎಂದರು ಮೇಡಂ. ದೊಡ್ಡದು ಒಳ್ಳೆಯದೋ ಚಿಕ್ಕದು ಒಳ್ಳೆಯದೋ ಎಂದು ನನ್ನನ್ನು ಕೇಳಬೇಡಿ. ದೂರದವನಿಗೆ ಎಲ್ಲ ಗೊತ್ತಿರುವುದು ಒಂದು ಅಪಾಯ. ಹತ್ತಿರದವನಿಗೆ ಸ್ವಲ್ಪವೇ ಗೊತ್ತಿರುವುದು ಇನ್ನೊಂದು. ಎರಡನೆಯದನ್ನು ನಾನು ಮಾಡಿ ನೋಡಿದ್ದೇನೆ, ಅದರ ವಿಷಯ ಮಾತ್ರ ಹೇಳಬಲ್ಲೆ.

ಉಳಿದದ್ದು ಒಂದೇ. ಯಾರಾದರೂ ಬರೆದದ್ದನ್ನು ಯಾರು ಮೆಚ್ಚಿದರು ಎನ್ನುವುದು ಉಳಿದವರಿಗೆ ಕಾಣದಿದ್ದರೂ ಉಸ್ತುವಾರಿಗೆ ಒಂದು ಗುಂಡಿ ಒತ್ತಿದರೆ ಕಾಣುತ್ತದೆ. ಕಳ್ಳ ಹೆಸರಿನವರನ್ನು ಹಿಡಿಯಲು ಅದು ಬೇಕಾಗುತ್ತದಂತೆ, ತೆಗೆಯಲಾಗಲಿಲ್ಲ. ಹೊಸದಾಗಿ ಬರುವ ನಿಮ್ಮ ಕೈಗೂ ಅದು ಬರುತ್ತದೆ.

ಮೊನ್ನೆ ಮೊನ್ನೆ ಮರುಳಪ್ಪ ಮತ್ತೆ ಬಂದ. ನಡುವೆ ಒಂದಷ್ಟು ಕಾಲ ನಮ್ಮಲ್ಲಿ ಮಾತಿರಲಿಲ್ಲ. ಯಾರ ಮೇಲೆ ಯಾರು ಸಿಟ್ಟಾಗಬೇಕೆಂದೇ ಇಬ್ಬರಿಗೂ ತಿಳಿದಿರಲಿಲ್ಲ. ಗಿರಿಜೆ ಎಲ್ಲಿದ್ದಾಳೆಂದು ಅವನಿಗೆ ಇವತ್ತಿಗೂ ತಿಳಿಯದು. ಜಗಲಿಯ ಮೇಲೆ ಕೂತು ಟವೆಲ್ಲು ಮಡಚುತ್ತ, ಬಿಚ್ಚುತ್ತ ಕೇಳಿದ.

“ಈ ಸಲ ಯಾರ್ಗೂ ಹೇಳಾಕಿಲ್ಲ ತಿಮ್ಮಣ್ಣ. ಅವ್ಳವ್ವಂಗೂ ಹೇಳಾಕಿಲ್ಲ. ಕಟ್ಟೇಲಿ ಅವಳಾ?”

“ಗೊತ್ತಿಲ್ಲ ಕಣೋ.”

“ನಿಂಗೆ ಗೊತ್ತಿಲ್ದೆ ಇರ್ತದಾ?”

“ಗೊತ್ತಾಗದಂಗೆ ಮಾಡ್ಕೊಂಡಿದೀನಿ.”

ಅವನು ಎದ್ದು ಹೊರಟ. ಕರೆದು ಕೂರಿಸಿದೆ. “ನೀನು ಅವಳಿಗೆ ಹೇಳೋದು ಏನಾದ್ರೂ ಇದ್ರೆ ಹೇಳು, ಕಟ್ಟೇಲಿ ಹಾಕೋಣ. ಎಲ್ಲರ ಕಣ್ಣಿಗೂ ಬೀಳೋ ಹಂಗೆ. ಯಾವ ಊರಲ್ಲಿ ಯಾವ ಹೆಸ್ರಲ್ಲಿ ಇದ್ರೂ ಕಂಡೀತು. ಅವಳು ನೋಡಿದ್ದು ಮಾತ್ರ ಯಾರಿಗೂ ತಿಳಿಯಲ್ಲ.”

“ಯಾರ್ಗೆ ಅಂತ ಬರೀಲಿ?”

“ಯಾರಿಗೂ ಅಂತ ಬರೀಬೇಡ. ಅವಳ ಹೆಸ್ರೂ ಬೇಡ.”

ಬಹಳ ಯೋಚನೆ ಮಾಡಿ ಅವನು ಹೇಳಿದ, ನಾನು ಅವನ ಹೆಸರಿನಲ್ಲಿ ಬರೆದೆ: “ನಮ್ಮನೆಯೋಳ್ಗೆ ಕಣ್ಣಿನ ಪೊರೆ ತೆಗ್ಸಿದ್ವಿ. ಈಗ ಸೂಜಿಗೆ ದಾರ ತಾನೇ ಪೋಣಿಸ್ತಾಳೆ.” ಚಿಕ್ಕಂದಿನಿಂದ ತಾಯಿಗೆ ದಾರ ಪೋಣಿಸಿಕೊಡುತ್ತಿದ್ದುದು ಗಿರಿಜೆ. ಅದು ನನಗೂ ಗೊತ್ತಿತ್ತು. ಊರಿನ ಉಳಿದವರಿಗೆ ಅದು ಕಣ್ಣಿನ ಆಪರೇಷನ್ನಿನ ಸುದ್ದಿ, ಅಷ್ಟೇ.

ಅವನು ಹೋಗಲಿಲ್ಲ. ಬಸ್ಸಿನ ಹೊತ್ತಾದರೂ ಕೂತೇ ಇದ್ದ. ಒಬ್ಬರು ಯಾವ ಆಸ್ಪತ್ರೆ ಎಂದು ಕೇಳಿದರು. ಯಾರೋ ದೇವರು ಒಳ್ಳೆಯದು ಮಾಡಲಿ ಎಂದರು. ಒಬ್ಬೊಬ್ಬರಾಗಿ ಕೆಲವರು ಮೆಚ್ಚಿದರು. ಮರುಳಪ್ಪ ಪರದೆಯ ಹತ್ತಿರಕ್ಕೆ ಬಗ್ಗಿದ.

“ಮೆಚ್ಚಿದೋರಲ್ಲಿ ನಮ್ಮುಡ್ಗಿ ಅವಳಾ?”

ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ಒತ್ತಿದ್ದರೆ ಹೊಸ ಹೆಸರು ಯಾವುದೇ ಇರಲಿ, ನಾನು ಗುರುತು ಹಿಡಿಯುತ್ತಿದ್ದೆ.

“ಗೊತ್ತಿಲ್ಲ ಮರುಳಾ” ಎಂದೆ.

ಅವನು ಪರದೆಯಿಂದ ಹಿಂದೆ ಸರಿದ. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, “ಬತ್ತೀನಿ. ಹೋದ್ ತಕ್ಷಣ ಅವ್ಳವ್ವಂಗೆ ಹೇಳ್ತೀನಿ, ಹಾಕಿದೀವಿ ಅಂತ” ಎಂದ. ನಾನು ಕಂಪ್ಯೂಟರು ಆರಿಸಿ, ಅವನನ್ನು ಬಸ್ಸಿನವರೆಗೆ ಬಿಟ್ಟು ಬಂದೆ.